ಗ್ಯಾರಂಟಿ ಕರಡಿ, ತಲೆಗೆ ಎರಡೂವರೆ ಸಾವಿರ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವನು, ಹಾರ್ಡ್‌ವೇರ್ ಅಂಗಡಿ ಇದೆ. ಮಗಳು ಏಳನೇ ಕ್ಲಾಸು. ಕಾಡುಪ್ರಾಣಿ ಅಂದರೆ ಅವಳಿಗೆ ಊಟ ನಿದ್ದೆ ಬೇಡ. ಕಳೆದ ದಸರಾ ರಜೆಯಲ್ಲಿ ಮೈಸೂರು ಕಡೆಯ ಕಾಡಿಗೆ ಕರೆದುಕೊಂಡು ಹೋಗಿ ನಾಲ್ಕು ಸಫಾರಿ ಮಾಡಿಸಿದೆ. ರೂಮು, ಗಾಡಿ, ಟಿಕೆಟ್ ಎಲ್ಲ ಸೇರಿ ಮೂವತ್ತು ಸಾವಿರ ದಾಟಿತು. ಕಂಡಿದ್ದು ಜಿಂಕೆ, ನವಿಲು, ಒಂದು ಆನೆಯ ಬೆನ್ನು. ಈಗ ಚಿತ್ರದುರ್ಗದ ಕಡೆಯ ಪರಿಚಯದವರೊಬ್ಬರು, ರಾತ್ರಿ ಜೀಪಿನಲ್ಲಿ ಗುಡ್ಡದ ಅಂಚಿಗೆ ಕರೆದೊಯ್ದು ಕರಡಿ ಗ್ಯಾರಂಟಿ ತೋರಿಸುತ್ತೇವೆ, ಚಿರತೆಯೂ ಸಿಗಬಹುದು, ತಲೆಗೆ 2,500 ಎನ್ನುತ್ತಿದ್ದಾರೆ. ಮನೆಯವಳು ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳೆ. ಅವಳ ತವರು ಹೊಳಲ್ಕೆರೆ ಹತ್ತಿರದ ಹಳ್ಳಿ. ಅವಳ ಚಿಕ್ಕಪ್ಪನ ಮುಖದ ಮೇಲೆ ಕರಡಿ ಪರಚಿದ ಕಲೆ ಈಗಲೂ ಇದೆ. ಕರಡಿ ಬಂದರೆ ಸತ್ತವರ ಹಾಗೆ ಮಲಗಿದರೆ ಆಯ್ತು ಅಂತ ನಾನು ಹೇಳಿದರೆ ನಗುತ್ತಾಳೆ. ಯಾರ ಮಾತು ಸರಿ? ನಮ್ಮ ಕಡೆ ನೋಡುವಂಥದ್ದು ನಿಜವಾಗಿ ಏನಾದರೂ ಇದೆಯಾ? ಮಗಳದ್ದೂ ಒಂದು ಪ್ರಶ್ನೆ: ಕರಡಿ ಮರಿಯನ್ನು ಬೆನ್ನ ಮೇಲೆ ಯಾಕೆ ಹೊರುತ್ತದೆ?

ಉತ್ತರ: ರಾತ್ರಿ ಜೀಪಿನ ವಿಷಯ ಮೊದಲು ಮುಗಿಸಿಬಿಡೋಣ. ಹೋಗಬೇಡಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಮನೆಯವರ ಮಾತೇ ಸರಿ. ಅವರು ಹೆದರಿ ಹೇಳಿದ್ದಾರೆ, ನಾನು ಇಪ್ಪತ್ತು ವರ್ಷದಿಂದ ಈ ಭಾಗದ ಗುಡ್ಡಗಳಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿಕೊಂಡು ಓಡಾಡಿದ ಮೇಲೆ ಹೇಳುತ್ತಿದ್ದೇನೆ. ಅಷ್ಟೇ ವ್ಯತ್ಯಾಸ.

ಕಾಡುಪ್ರಾಣಿಯನ್ನು ಗ್ಯಾರಂಟಿ ತೋರಿಸುತ್ತೇನೆ ಎನ್ನುವವನ ಕೈಯಲ್ಲಿ ಇರುವುದು ಎರಡೇ ದಾರಿ. ಒಂದೋ ಅದಕ್ಕೆ ತಿನ್ನಲು ಇಟ್ಟಿರಬೇಕು. ಇಲ್ಲವೋ ಸರ್ಚ್‌ಲೈಟ್ ಬಿಟ್ಟು ಅಟ್ಟಿಸಿಕೊಂಡು ಹೋಗಬೇಕು. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಮೊದಲನೆಯದು. ಬೆಲ್ಲ, ಕೊಳೆತ ಹಣ್ಣು, ಎಣ್ಣೆ ಹಿಂಡಿ ಇಂಥದ್ದನ್ನು ದಿನಾ ಒಂದೇ ಜಾಗದಲ್ಲಿ ಸುರಿಯುತ್ತಾರೆ. ಕರಡಿಯ ಮೂಗು ಭಾರಿ ಚುರುಕು. ನಾಲ್ಕು ದಿನ ಸಿಕ್ಕಿದರೆ ಐದನೇ ದಿನ ಅದು ತಾನಾಗಿ ಬಂದು ಕಾಯುತ್ತದೆ. ನೀವು ಜೀಪಿನಲ್ಲಿ ಕೂತು ನೋಡಿ, ವಿಡಿಯೊ ಮಾಡಿಕೊಂಡು ದಾವಣಗೆರೆಗೆ ಬಂದು ಮಲಗುತ್ತೀರಿ. ಬೆಳಗಿನ ಜಾವ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುವವನಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಮುಖಕ್ಕೆ ಉಗುರು ಬೀಳುವುದು ಅವನಿಗೆ. ಚಿಕ್ಕಪ್ಪನವರಿಗೆ ಆದದ್ದು ಹೇಗೆ ಅಂತ ಒಮ್ಮೆ ಕೇಳಿ ನೋಡಿ. ಮಬ್ಬುಗತ್ತಲಲ್ಲಿ ಹೊಲಕ್ಕೆ ಹೋಗುವಾಗಲೋ, ಬಯಲಿಗೆ ಕೂತಾಗಲೋ, ಶೇಂಗಾ ಕಾಯುವಾಗಲೋ ಆಗಿರುತ್ತದೆ. ನಾನು ಕೇಳಿಸಿಕೊಂಡಿರುವ ಪ್ರಕರಣಗಳೆಲ್ಲ ಹೆಚ್ಚುಕಡಿಮೆ ಹಾಗೇ.

ಕಾನೂನನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ‘ನಾವು ಬರೀ ನೋಡಿದ್ದು ಸಾರ್’ ಎನ್ನುವವರು ಬಹಳ ಜನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಂತ ಬರೆದಿಲ್ಲ. ಆಮಿಷ ಇಟ್ಟು ಕರೆಯುವುದು, ಅಟ್ಟುವುದು, ಅದಕ್ಕೆ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಕರಡಿ, ಚಿರತೆ ಎರಡೂ ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿವೆ. ಅವುಗಳ ಬೇಟೆಗೆ ಕನಿಷ್ಠ ಮೂರು ವರ್ಷ ಜೈಲು. ಜೀಪು ಹಿಡಿದರೆ ಮುಂದೆ ಕೂತವನು ಯಾರು, ಹಿಂದೆ ಕೂತವನು ಯಾರು ಅಂತ ವಿಂಗಡಿಸುತ್ತಾ ಕೂರುವುದಿಲ್ಲ. ಜತೆಗೆ ಮಗಳು ಇರುತ್ತಾಳೆ.

ಈಗ ದಸರಾ ಸಫಾರಿಗೆ ಬರೋಣ. ನಿಮ್ಮ ಬೇಸರ ಅರ್ಥವಾಗುತ್ತದೆ. ಮೂವತ್ತು ಸಾವಿರಕ್ಕೆ ಒಂದು ಆನೆಯ ಬೆನ್ನು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಎಲ್ಲರೂ ಅದೃಷ್ಟ ಸರಿ ಇರಲಿಲ್ಲ ಅಂದಿರುತ್ತಾರೆ. ಅದೃಷ್ಟದ ಪಾತ್ರ ಇಲ್ಲ ಅನ್ನುವುದಿಲ್ಲ. ಆದರೆ ನೀವು ಹೋದ ತಿಂಗಳೇ ತಪ್ಪು. ಮಳೆ ಮುಗಿದ ಹೊಸತು. ಹುಲ್ಲು ಎದೆಯೆತ್ತರ, ಲಂಟಾನ ಪೊದೆ ದಟ್ಟ. ಹಳ್ಳ, ಗುಂಡಿ, ಕಟ್ಟೆ ಎಲ್ಲೆಲ್ಲೂ ನೀರು. ಪ್ರಾಣಿ ಕೆರೆಗೆ ಬರುವ ಅಗತ್ಯವೇ ಇಲ್ಲ, ಇದ್ದಲ್ಲೇ ಎಲ್ಲ ಸಿಗುತ್ತದೆ. ಅದೇ ಫೆಬ್ರವರಿ ಕೊನೆಯಿಂದ ಮೇ ತನಕ ನೀರು ನಾಲ್ಕಾರು ಕಡೆ ಮಾತ್ರ ಉಳಿದಿರುತ್ತದೆ, ಎಲೆ ಉದುರಿ ಕಣ್ಣಿಗೆ ದೂರದವರೆಗೆ ಕಾಣುತ್ತದೆ. ಬಿಸಿಲು ಜಾಸ್ತಿ, ಧೂಳು ಜಾಸ್ತಿ, ರೂಮಿನಲ್ಲಿ ನಿದ್ದೆ ಕಮ್ಮಿ. ನೋಡಲು ಮಾತ್ರ ಅದೇ ಕಾಲ. ಶಾಲೆಯ ರಜೆಯೂ ಕಾಡಿನ ಒಳ್ಳೆಯ ಕಾಲವೂ ಒಟ್ಟಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ದಸರಾಕ್ಕೆ ಹೋಗುವುದು ಜನ ನೋಡಲು.

ಇನ್ನೊಂದು ಮಾತು. ಕಂಡಿದ್ದು ಜಿಂಕೆ, ನವಿಲು ಎಂದು ಬೇಸರದಿಂದ ಬರೆದಿದ್ದೀರಿ. ಆ ಜಿಂಕೆಗಳು ಏನು ಮಾಡುತ್ತಿದ್ದವು? ಮೇಯುತ್ತಿದ್ದವೋ, ಕತ್ತೆತ್ತಿ ಎಲ್ಲವೂ ಒಂದೇ ಕಡೆ ನೋಡುತ್ತಿದ್ದವೋ? ಮುಂಗಾಲನ್ನು ನೆಲಕ್ಕೆ ಬಡಿಯುತ್ತಿದ್ದವೋ? ಮೇಲೆ ಮರದಲ್ಲಿ ಮುಸುವ ಕೂತು ಕೆಮ್ಮಿದ ಹಾಗೆ ಕೂಗುತ್ತಿತ್ತೋ? ಹುಲಿ ಚಿರತೆ ಇದ್ದರೆ ಮೊದಲು ಹೇಳುವುದು ಇವೇ. ಒಮ್ಮೆ ಭದ್ರಾ ಕಾಡಿನಲ್ಲಿ ಹನ್ನೊಂದು ಜಿಂಕೆ ಒಂದೇ ಪೊದೆಯನ್ನು ದಿಟ್ಟಿಸುತ್ತಾ ನಿಂತಿದ್ದವು. ಗಾಡಿಯಲ್ಲಿದ್ದವರು ಹೋಗೋಣ ಹೋಗೋಣ ಅಂತ ಗಲಾಟೆ. ಡ್ರೈವರ್ ಅನುಭವಸ್ಥ, ಇಂಜಿನ್ ಆರಿಸಿ ಸುಮ್ನೆ ಕೂತ. ಮುಕ್ಕಾಲು ಗಂಟೆ ಆಯಿತು. ಆಮೇಲೆ ಆ ಪೊದೆಯ ಪಕ್ಕದ ನೆರಳು ಎದ್ದು, ಮೈಮುರಿದು, ನಮ್ಮ ಕಡೆ ತಿರುಗಿಯೂ ನೋಡದೆ ಹೊರಟುಹೋಯಿತು. ಚಿರತೆ. ಕಂಡಿದ್ದು ಹತ್ತು ಸೆಕೆಂಡ್ ಇರಬಹುದು. ಆ ಮುಕ್ಕಾಲು ಗಂಟೆ ಇಲ್ಲದಿದ್ದರೆ ಆ ಹತ್ತು ಸೆಕೆಂಡು ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಸರಿ, ಕರಡಿ. ಮಲಗಿದರೆ ಮುಟ್ಟುವುದಿಲ್ಲ ಎನ್ನುವುದು ನಾವೆಲ್ಲ ಪ್ರೈಮರಿ ಶಾಲೆಯಲ್ಲಿ ಕೇಳಿದ ಕತೆ. ಇಬ್ಬರು ಗೆಳೆಯರು, ಒಬ್ಬ ಮರ ಹತ್ತಿದ, ಇನ್ನೊಬ್ಬ ಉಸಿರು ಹಿಡಿದು ಮಲಗಿದ, ಕರಡಿ ಮೂಸಿ ಹೋಯಿತು. ಅದು ಗೆಳೆತನದ ಬಗ್ಗೆ ಕತೆ, ಕರಡಿಯ ಬಗ್ಗೆ ಅಲ್ಲ. ಮರ ಹತ್ತಿದವನೂ ಬಚಾವಾಗುವುದಿಲ್ಲ, ನಮ್ಮ ಕರಡಿ ಜೇನಿಗಾಗಿ ಸಲೀಸಾಗಿ ಮರ ಏರುತ್ತದೆ. ಹೆಣ ಅಂದುಕೊಂಡು ಬಿಟ್ಟು ಹೋಗುತ್ತದೆ ಎನ್ನುವುದಕ್ಕೂ ಆಧಾರ ಇಲ್ಲ.

ಹಾಗಿದ್ದರೂ ನಿಮ್ಮ ಮಾತಿನಲ್ಲಿ ಒಂದು ಕಾಳು ಸತ್ಯ ಇದೆ. ಕರಡಿ ಮೈಮೇಲೆ ಬಿದ್ದೇಬಿಟ್ಟರೆ, ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ, ಬೋರಲಾಗಿ ಮಲಗಿ ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಬೇಕು. ಸತ್ತವನ ನಾಟಕಕ್ಕಲ್ಲ ಇದು. ಮುಖ, ಕಣ್ಣು, ಕತ್ತು ಉಳಿಯಲಿ ಅಂತ. ಎದುರು ನಿಂತು ಹೊಡೆದಾಡುವವನ ಮುಖವೇ ಅದಕ್ಕೆ ಮೊದಲು ಸಿಗುವುದು. ಮುಂಗಾಲಿನ ಉಗುರು ಮೂರಿಂಚಿನಷ್ಟು ಉದ್ದ, ಕೊಕ್ಕೆಯ ಹಾಗೆ ಬಾಗಿರುತ್ತವೆ. ಕಲ್ಲಿನಂಥ ಹುತ್ತ ಒಡೆಯಲು ಬೆಳೆದ ಉಗುರು ಅವು. ನಮ್ಮ ಕೆನ್ನೆ ಅದಕ್ಕೆ ಯಾವ ಲೆಕ್ಕ? ಗಾಯ ಎಷ್ಟೇ ಸಣ್ಣದಿರಲಿ, ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ಕಚ್ಚಿದಾಗ ಕೊಡುವ ಚುಚ್ಚುಮದ್ದು ಇಲ್ಲೂ ಬೇಕು. ಇದನ್ನು ಹಳ್ಳಿಗಳಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ.

ಕರಡಿ ಮನುಷ್ಯನನ್ನು ಹುಡುಕಿಕೊಂಡು ಬಂದು ಹೊಡೆಯುತ್ತದೆ ಎಂಬುದು ಇನ್ನೊಂದು ನಂಬಿಕೆ. ಅದರ ಊಟ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲಿನ ಸಾಲಿನ ಮಧ್ಯದ ಎರಡು ಹಲ್ಲೇ ಅದಕ್ಕಿಲ್ಲ. ಆ ಸಂದಿಯಿಂದ ಗೆದ್ದಲನ್ನು ಪಂಪಿನ ಹಾಗೆ ಹೀರುತ್ತದೆ. ಧೂಳು ಹೋಗದಂತೆ ಮೂಗಿನ ಹೊಳ್ಳೆಯನ್ನು ಬೇಕಾದಾಗ ಮುಚ್ಚಿಕೊಳ್ಳುತ್ತದೆ. ಹೀರುವ ಸದ್ದು ನೂರು ಮೀಟರ್ ದೂರಕ್ಕೂ ಕೇಳಿಸುತ್ತದೆ. ತೊಂದರೆ ಇರುವುದು ಇಲ್ಲೇ. ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ, ಮೇಲಾಗಿ ತನ್ನದೇ ಗಲಾಟೆ. ಗಾಳಿ ನಮ್ಮಿಂದ ಅದರ ಕಡೆ ಬೀಸದಿದ್ದರೆ ವಾಸನೆಯೂ ಸಿಗುವುದಿಲ್ಲ. ಹಾಗಾಗಿ ಹತ್ತು ಹೆಜ್ಜೆ ದೂರ ಬರುವವರೆಗೆ ನಾವು ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಗಾಬರಿ. ಗಾಬರಿಯಾದ ಕರಡಿ ಓಡುವ ಬದಲು ಮೇಲೆ ಬೀಳುವುದೇ ಜಾಸ್ತಿ. ಮರಿ ಇದ್ದ ತಾಯಿಯಾದರಂತೂ ಕೇಳಲೇಬೇಡಿ.

ಇದನ್ನು ನಾನು ಕಲಿತದ್ದು ನಾಚಿಕೆಯ ರೀತಿಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಕೆಳಗಿನ ಇಳಿಜಾರಿನಲ್ಲಿ ಬೆಳಿಗ್ಗೆ ಆರಕ್ಕೆ ಕ್ಯಾಮೆರಾದ ಕಾರ್ಡ್ ತೆಗೆಯಲು ಹೊರಟಿದ್ದೆ. ಜತೆಗೆ ಬಂದ ವಾಚರ್ ಅಣ್ಣ ಪ್ರತಿ ತಿರುವಿನಲ್ಲೂ ಜೋರಾಗಿ ಕೆಮ್ಮುತ್ತಿದ್ದ, ಕೋಲನ್ನು ಕಲ್ಲಿಗೆ ಕುಟ್ಟುತ್ತಿದ್ದ. ನನಗೆ ಪ್ರಾಣಿ ನೋಡುವ ಆಸೆ. ‘ಸ್ವಲ್ಪ ಸುಮ್ನಿರಣ್ಣ, ಎಲ್ಲ ಓಡಿಹೋಗ್ತವೆ’ ಎಂದೆ. ಸುಮ್ಮನಾದ. ಮುಂದಿನ ತಿರುವಿನಲ್ಲೇ ಹುತ್ತಕ್ಕೆ ತಲೆ ತೂರಿಸಿ ಕೂತಿತ್ತು. ಹದಿನೈದು ಅಡಿ. ಎದ್ದು ನಿಂತು ಒಂದು ಸಲ ಅಬ್ಬರಿಸಿದ್ದಷ್ಟೇ ನನಗೆ ನೆನಪು. ನಾನು ಜಾಲಿ ಪೊದೆಯೊಳಗಿದ್ದೆ. ಹೇಗೆ ಹೋದೆ ಗೊತ್ತಿಲ್ಲ. ವಾಚರ್ ನಿಂತಲ್ಲೇ ನಿಂತು ಕೋಲೆತ್ತಿ ಕೂಗಿದ. ಅದು ಎರಡು ಮಾರು ನುಗ್ಗಿ, ಪಕ್ಕಕ್ಕೆ ಹೊರಳಿ ಇಳಿಜಾರು ಇಳಿಯಿತು. ವಾಪಸ್ ಬಂದು ಟೀ ಕುಡಿಯುವವರೆಗೆ ಆತ ಏನೂ ಹೇಳಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು ಕೇಳಿದ: ‘ನಾಳೆ ಕೆಮ್ಮಲಾ ಸಾರ್, ಬ್ಯಾಡವಾ?’

ಅವತ್ತಿನಿಂದ ನಾನೂ ಕೆಮ್ಮುತ್ತೇನೆ. ನಮ್ಮ ಹಟ್ಟಿಗಳ ಕುರಿಗಾಹಿಗಳು ನಸುಕಿನಲ್ಲಿ ಹಾಡು ಹೇಳಿಕೊಂಡು, ಕುರಿಗೆ ಕೇಕೆ ಹಾಕಿಕೊಂಡು ನಡೆಯುವುದು ಸುಮ್ನೆ ಅಲ್ಲ. ನಿಮಗೂ ಅದೇ ಪಾಠ. ಗುಡ್ಡದ ಅಂಚಿನಲ್ಲಿ ನಸುಕು, ಸಂಜೆ ನಡೆಯುವುದಾದರೆ ಮಾತಾಡಿಕೊಂಡು ನಡೆಯಿರಿ. ಸೀತಾಫಲದ ಕಾಲದಲ್ಲಿ, ಅಂದರೆ ಮಳೆಗಾಲದ ಕೊನೆಗೆ, ಗುಡ್ಡದ ಬುಡಕ್ಕೆ ಹೋಗದಿದ್ದರೆ ಇನ್ನೂ ಒಳ್ಳೆಯದು. ಆಗ ಅವೂ ನಾವೂ ಒಂದೇ ಹಣ್ಣಿಗೆ ಬಂದಿರುತ್ತೇವೆ.

ಹಾಗಾದರೆ ನೋಡುವುದು ಎಲ್ಲಿ? ನಿಮ್ಮ ಮಗಳಿಗೆ ಕರಡಿಯೇ ಬೇಕಾದರೆ ದರೋಜಿ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕು, ಹಂಪಿಗೆ ಹತ್ತಿರ. ಚಿತ್ರದುರ್ಗದಿಂದ ಹೊಸಪೇಟೆ ಹೆದ್ದಾರಿ ಹಿಡಿದರೆ ಮೂರು ಗಂಟೆಯ ದಾರಿ. 1994ರಲ್ಲಿ ಕರಡಿಗಾಗಿಯೇ ಮಾಡಿದ ಧಾಮ, ಸುಮಾರು 82 ಚದರ ಕಿ.ಮೀ. ಅಲ್ಲಿ ಜೀಪಿನಲ್ಲಿ ಸುತ್ತುವುದಿಲ್ಲ. ಮಧ್ಯಾಹ್ನದ ಮೇಲೆ ವಾಚ್‌ಟವರ್ ಹತ್ತಿ ಕೂರಬೇಕು. ಎದುರಿಗೆ ಕರಡಿಕಲ್ಲು ಗುಡ್ಡ. ಬಿಸಿಲು ಇಳಿಯುತ್ತಾ ಬಂದ ಹಾಗೆ ಬಂಡೆಯ ಸಂದಿಯಿಂದ ಒಂದು ಕಪ್ಪು ಚುಕ್ಕೆ ಹೊರಬರುತ್ತದೆ. ನೆರಳು ಅಂದುಕೊಳ್ಳುತ್ತೀರಿ. ನೆರಳು ನಡೆಯಲು ಶುರು ಮಾಡುತ್ತದೆ. ಆಮೇಲೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಜಗಳ ಆಡುತ್ತವೆ, ಬೆನ್ನು ಉಜ್ಜಿಕೊಳ್ಳುತ್ತವೆ, ನವಿಲುಗಳು ಅವುಗಳ ಕಾಲಬುಡದಲ್ಲೇ ಮೇಯುತ್ತಿರುತ್ತವೆ. ಒಂದೇ ಸಂಜೆ ಐದಾರು ಕರಡಿ ನಾನೇ ಎಷ್ಟೋ ಸಲ ಎಣಿಸಿದ್ದೇನೆ.

ಒಂದು ವಿಷಯ ಮುಚ್ಚಿಡಬಾರದು. ಅಲ್ಲಿ ಕರಡಿಗಳು ಆ ಬಂಡೆಗೆ ಬರಲು ಕಾರಣ ಅರಣ್ಯ ಇಲಾಖೆಯವರು ಹಚ್ಚುವ ಬೆಲ್ಲದ ಲೇಪ. ಈಗಷ್ಟೇ ಆಮಿಷ ತಪ್ಪು ಅಂದಿರಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸ ಇಷ್ಟು: ಅದು ಧಾಮದ ಒಳಗೆ, ಇಲಾಖೆಯ ಕಣ್ಣಳತೆಯಲ್ಲಿ ನಡೆಯುತ್ತದೆ. ಆ ಬಂಡೆಯ ಬಳಿ ಕುರಿಗಾಹಿಯ ಕಾಲುದಾರಿ ಇಲ್ಲ, ನೋಡುವವರು ದೂರದ ಟವರ್ ಮೇಲೆ ಇರುತ್ತಾರೆ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಬೆಲ್ಲ ಇಲ್ಲದೆಯೇ ಕರಡಿ ಬಂದು ಹುತ್ತ ಅಗೆಯುವುದನ್ನು ನೋಡಿದ ಸುಖವೇ ಬೇರೆ. ಆದರೆ ಏಳನೇ ಕ್ಲಾಸಿನ ಹುಡುಗಿಗೆ, ಅಪಾಯ ಇಲ್ಲದೆ, ಕರಡಿ ಹೇಗೆ ಬದುಕುತ್ತದೆ ಅಂತ ಎರಡು ಗಂಟೆ ಕೂತು ನೋಡಲು ನಮ್ಮ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ದೂರ ಜಾಸ್ತಿ ಇರುವುದರಿಂದ ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. 8×42 ಎಂದು ಬರೆದಿರುವುದು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. 20 ಪಟ್ಟು, 30 ಪಟ್ಟು ಅಂತ ಮಾರುವುದನ್ನು ಕೊಳ್ಳಬೇಡಿ, ಕೈ ನಡುಗಿ ಏನೂ ಕಾಣುವುದಿಲ್ಲ. ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಗಾಡಿಯಲ್ಲೇ ಇರಲಿ. ದಾವಣಗೆರೆಯವರಿಗೆ ಕಷ್ಟ ಅಂತ ಗೊತ್ತು.

ಇನ್ನು ನಿಮ್ಮ ಜಿಲ್ಲೆಯಲ್ಲೇ ಒಂದು ನಿಧಿ ಇದೆ, ದಾವಣಗೆರೆಯ ಎಷ್ಟೋ ಜನಕ್ಕೆ ಅದರ ಹೆಸರೇ ಗೊತ್ತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. 2011ರಲ್ಲಿ ಕೊಂಡುಕುರಿ ಎಂಬ ಪುಟ್ಟ ಹುಲ್ಲೆಗಾಗಿ ಘೋಷಿಸಿದ ಅಭಯಾರಣ್ಯ, 77 ಚದರ ಕಿ.ಮೀ. ಚಿಲ್ಲರೆ. ಕೊಂಡುಕುರಿ ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಗಂಡಿಗೆ ನಾಲ್ಕು ಕೊಂಬು: ಕಿವಿಯ ನಡುವೆ ಎರಡು, ಹಣೆಯ ಮೇಲೆ ಎರಡು ಮೊಟಕು. ಹೆಣ್ಣಿಗೆ ಒಂದೂ ಇಲ್ಲ. ತೂಕ ಇಪ್ಪತ್ತು ಕಿಲೋ ಆಸುಪಾಸು, ಒಂದು ಹರೆಯದ ಮೇಕೆಯಷ್ಟು. ಮಲೆನಾಡಿನ ಕಾಡುಕುರಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಹೋಲಿಕೆ. ಬೊಗಳುವ ಕಾಡುಕುರಿ ಜಿಂಕೆಯ ಜಾತಿ, ಅದರ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೊಂಡುಕುರಿಯ ಕೊಂಬು ಹುಟ್ಟಿದ ಮೇಲೆ ಉದುರುವುದಿಲ್ಲ.

ಅಲ್ಲಿ ಹೋದರೆ ಕಾಣುತ್ತದೆಯೇ? ಕಾಣದೇ ಇರುವ ಸಾಧ್ಯತೆಯೇ ಹೆಚ್ಚು. ಒಂಟಿ, ಇಲ್ಲವೇ ಜೋಡಿಯಾಗಿ ಇರುವ ಪ್ರಾಣಿ. ಹುಲ್ಲಿನಲ್ಲಿ ಅಡಗಿ ಕೂತರೆ ಕಾಲಿಗೆ ತಾಕುವ ಹೊತ್ತಿಗೆ ಚಿಮ್ಮಿ ಓಡುತ್ತದೆ. ನಾನು ಮೊದಲ ಸಲ ನೋಡಲು ಎಂಟು ತಿಂಗಳು ಹಿಡಿಯಿತು. ಅಷ್ಟರೊಳಗೆ ಅದರ ಹಿಕ್ಕೆ ಮಾತ್ರ ನೂರಾರು ಕಡೆ ನೋಡಿದ್ದೆ. ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಅದರ ರೂಢಿ. ಆ ಗುಡ್ಡೆ ನೋಡಿದರೆ ಇಲ್ಲಿ ಒಬ್ಬ ಯಜಮಾನ ಇದ್ದಾನೆ ಅಂತ ಗೊತ್ತಾಗುತ್ತದೆ. ನಿಮ್ಮ ಮಗಳಿಗೆ ನಿಜವಾದ ಆಸಕ್ತಿ ಇದ್ದರೆ ಅಂಥ ಒಂದು ಗುಡ್ಡೆ ತೋರಿಸಿ ನೋಡಿ. ಮಕ್ಕಳಿಗೆ ಸೆಗಣಿ, ಹಿಕ್ಕೆ, ಹೆಜ್ಜೆ ಅಂದರೆ ದೊಡ್ಡವರಿಗಿಂತ ಜಾಸ್ತಿ ಕುತೂಹಲ. ಬಂಡಿಪುರದ ಹಾಗೆ ಸಫಾರಿ ಬಸ್ಸು, ಕೌಂಟರ್ ಅಲ್ಲಿ ನಿರೀಕ್ಷಿಸಬೇಡಿ. ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿ ಜತೆಗೇ ಹೋಗಬೇಕು. ಕರಡಿ, ಚಿರತೆ ಅಲ್ಲೂ ಇವೆ.

ಒಂದು ಭಾನುವಾರದ ಬೆಳಿಗ್ಗೆ ಮಾತ್ರ ಬಿಡುವು ಅನ್ನುವುದಾದರೆ ರಾಣೆಬೆನ್ನೂರು. ಹರಿಹರ ದಾಟಿ ಹೆದ್ದಾರಿಯಲ್ಲಿ ಒಂದು ಗಂಟೆಯೊಳಗೆ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿ.ಮೀ. ಕಾಡು ಅಂದರೆ ಬಯಲು, ನೀಲಗಿರಿ ತೋಪು, ಮಧ್ಯೆ ಮಧ್ಯೆ ಮೆಕ್ಕೆಜೋಳದ ಹೊಲ. ಒಂದು ಕಾಲದಲ್ಲಿ ಹುಲ್ಲುಗಾವಲಿನ ದೊಡ್ಡ ಹಕ್ಕಿ ಎರೆಭೂತವೂ ಅಲ್ಲಿ ಇತ್ತು. ಹುಲ್ಲುಗಾವಲನ್ನು ಬಂಜರು ಅಂತ ಕರೆದು ಮರ ನೆಟ್ಟು ನಾವು ಕಳೆದುಕೊಂಡದ್ದರ ಲೆಕ್ಕ ಬೇರೆಯೇ ಬರೆಯಬೇಕು. ಕೃಷ್ಣಮೃಗ ಮಾತ್ರ ಉಳಿದುಕೊಂಡಿತು. ಸುರುಳಿ ಕೊಂಬಿನ ಕಪ್ಪು ಗಂಡು, ಸುತ್ತ ಕಂದು ಹೆಣ್ಣುಗಳು. ಗಾಬರಿಯಾದರೆ ಗುಂಪಿಗೆ ಗುಂಪೇ ಚೆಂಡು ಪುಟಿದ ಹಾಗೆ ನೆಗೆಯುತ್ತದೆ. ಇಲ್ಲಿನ ಗುಟ್ಟು ಒಂದೇ: ಗಾಡಿಯಿಂದ ಇಳಿಯಬೇಡಿ. ನಿಂತ ಕಾರಿಗೆ ಅವು ಅಂಜುವುದಿಲ್ಲ, ಎರಡು ಕಾಲಿನ ಮನುಷ್ಯ ಕಂಡರೆ ಅರ್ಧ ಮೈಲಿ ಓಡುತ್ತವೆ. ಫೋಟೊಗಾಗಿ ಬೈಕಿನಲ್ಲಿ ಅಟ್ಟಿಸುವವರನ್ನು ನೋಡಿದ್ದೇನೆ. ಗರ್ಭದ ಹೆಣ್ಣನ್ನು ಹಾಗೆ ಓಡಿಸಿದರೆ ಏನಾಗುತ್ತದೆ ಅಂತ ಯೋಚಿಸುವವರಿಲ್ಲ. ಮತ್ತೆ, ಪಕ್ಕದ ಹೊಲದವರ ಮುಂದೆ ‘ಎಷ್ಟು ಚೆಂದ ಅಲ್ವಾ’ ಅಂತ ಉದ್ಗರಿಸುವ ಮೊದಲು ಸ್ವಲ್ಪ ತಡೆಯಿರಿ. ಅವರ ಮೆಕ್ಕೆಜೋಳದ ಸಸಿ ತಿಂದದ್ದು ಅದೇ ಚೆಂದದ ಪ್ರಾಣಿ.

ದೊಡ್ಡ ಕಾಡೇ ಬೇಕೆಂದರೆ ಮೈಸೂರಿನವರೆಗೆ ಯಾಕೆ? ಭದ್ರಾ ಇದೆ, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಲಕ್ಕವಳ್ಳಿ ಕಡೆಯಿಂದ ಹೋದರೆ ಜೀಪಿನ ಜತೆ ದೋಣಿಯೂ ಸಿಗುತ್ತದೆ. ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆ ಇಟ್ಟಿರುತ್ತವೆ. ಆ ಗದ್ದಲವನ್ನು ಒಮ್ಮೆ ಕೇಳಬೇಕು. ಆನೆ, ಕಾಟಿ ನೀರಿಗೆ ಇಳಿಯುವುದೂ ಆಗಲೇ. ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಚಳಿಗಾಲದಲ್ಲಾದರೆ ಕೊಂಡಜ್ಜಿ ಕೆರೆ, ಸೂಳೆಕೆರೆ ನಿಮ್ಮ ಮನೆ ಬಾಗಿಲಲ್ಲೇ ಇವೆ. ಸ್ವಲ್ಪ ದೂರ ಹೋಗುವುದಾದರೆ ಗದಗ ಜಿಲ್ಲೆಯ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಇಳಿಯುತ್ತವೆ.

ಜೋಗಿಮಟ್ಟಿಯನ್ನು ಯಾಕೆ ಹೇಳಲಿಲ್ಲ ಅನ್ನಬಹುದು. ಹೋಗಿ, ಹಗಲು ಹೊತ್ತು ಹೋಗಿ. ಬಂಡೆಗಳ ಮೇಲೆ ಹಳದಿ ಕೊರಳಿನ ಪಿಕಳಾರ ಸಿಕ್ಕಿದರೆ ಅದೇ ದೊಡ್ಡ ಭಾಗ್ಯ. ದಕ್ಷಿಣದ ಕಲ್ಲುಗುಡ್ಡಗಳನ್ನು ಬಿಟ್ಟು ಅದು ಬೇರೆಲ್ಲೂ ಇಲ್ಲ. ಆದರೆ ಅಲ್ಲಿ ಕರಡಿಯನ್ನು ಕಾಲ್ನಡಿಗೆಯಲ್ಲಿ ಹುಡುಕಬೇಡಿ.

ಅಪಾಯದ ಮಾತು ಬಂದಿತು. ಎಲ್ಲರೂ ಕರಡಿ, ಚಿರತೆಗೆ ಹೆದರುತ್ತಾರೆ. ಕಲ್ಲುಗುಡ್ಡದಲ್ಲಿ ನಾನು ಹೆದರುವುದು ಹೆಜ್ಜೇನಿಗೆ. ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ ಹಚ್ಚುವವರನ್ನು ಜತೆಗೆ ಕರೆಯಬೇಡಿ, ಗೂಡು ಕಂಡ ಬಂಡೆಯ ಕೆಳಗೆ ನಿಲ್ಲಬೇಡಿ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡುವುದೇ. ಎರಡನೆಯದು ಗರಗಸ ಮಂಡಲ. ಗೇಣುದ್ದದ ಹಾವು, ಕಲ್ಲಿನ ಬಣ್ಣವೇ ಅದಕ್ಕೆ. ಕೂರುವ ಮೊದಲು ಕಲ್ಲು ನೋಡಿ, ಕೈ ಇಡುವ ಮೊದಲು ಸಂದಿ ನೋಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಔಷಧ ಏನೂ ಬೇಡ. ನೇರ ಸರ್ಕಾರಿ ಆಸ್ಪತ್ರೆ. ಮೂರನೆಯದು ಮಲೆನಾಡಿನ ಕಡೆ ಹೋದಾಗ ರಕ್ತ ಹೀರುವ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಅದರಿಂದ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಜಾಸ್ತಿ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ತೂರಿಸಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ.

ನನ್ನ ಸಲಹೆ ಕೇಳಿದರೆ ಈ ಕ್ರಮದಲ್ಲಿ ಹೋಗಿ: ಮೊದಲು ಒಂದು ಭಾನುವಾರ ರಾಣೆಬೆನ್ನೂರು, ಬರೀ ಪೆಟ್ರೋಲ್ ಖರ್ಚು. ಅಲ್ಲಿ ಮಗಳು ಒಂದು ಗಂಟೆ ಮೊಬೈಲ್ ಮುಟ್ಟದೆ ಕೂತಳಾ ನೋಡಿ. ಕೂತರೆ ಮಾರ್ಚ್‌ನಲ್ಲಿ ದರೋಜಿ. ಪರೀಕ್ಷೆ ಇದ್ದರೆ ಏಪ್ರಿಲ್ ಮೊದಲ ವಾರ. ಮನೆಯವರನ್ನೂ ಕರೆದುಕೊಂಡು ಹೋಗಿ. ಚಿಕ್ಕಪ್ಪನವರು ಬರುತ್ತಾರೆ ಅಂದರೆ ಅವರನ್ನೂ. ಕರಡಿಯಿಂದ ಗಾಯಗೊಂಡ ಹಿರಿಯರೊಬ್ಬರು ಆ ಟವರ್ ಮೇಲೆ ನನ್ನ ಪಕ್ಕ ಕೂತು ಒಂದೂವರೆ ಗಂಟೆ ಮಾತಾಡದೆ ನೋಡಿದ್ದು ನೆನಪಿದೆ. ಇಳಿಯುವಾಗ ‘ಇಷ್ಟೊಂದು ಆಡ್ತಾವಲ್ಲ’ ಅಂತ ಅಷ್ಟೇ ಹೇಳಿದರು.

ಮಾರ್ಚ್, ಏಪ್ರಿಲ್ ಅಂದಿದ್ದಕ್ಕೆ ಇನ್ನೊಂದು ಕಾರಣ ನಿಮ್ಮ ಮಗಳ ಪ್ರಶ್ನೆಯಲ್ಲೇ ಇದೆ. ಕರಡಿ ಮರಿ ಹಾಕುವುದು ಹೆಚ್ಚಾಗಿ ಡಿಸೆಂಬರ್, ಜನವರಿ ಸುಮಾರಿಗೆ, ಗವಿಯೊಳಗೆ. ಒಂದೋ ಎರಡೋ ಮರಿ. ಎರಡು ಮೂರು ತಿಂಗಳಾದ ಮೇಲೆ ತಾಯಿ ಅವನ್ನು ಹೊರಗೆ ತರುತ್ತಾಳೆ, ಬೆನ್ನ ಮೇಲೆ. ಬೇರೆ ದೇಶದ ಕೆಲವು ಕರಡಿಗಳು ಅಪಾಯ ಕಂಡರೆ ಮರಿಗಳನ್ನು ಮರ ಹತ್ತಿಸುತ್ತವೆ. ನಮ್ಮಲ್ಲಿ ಚಿರತೆಯೇ ಮರ ಹತ್ತುತ್ತದೆ, ಕುರುಚಲು ಗುಡ್ಡದಲ್ಲಿ ಹತ್ತುವಂಥ ಮರವೂ ಎಲ್ಲಿ? ಹಾಗಾಗಿ ತಾಯಿಯ ಬೆನ್ನೇ ಮರ. ಭುಜದ ಮೇಲಿನ ಉದ್ದ ಕೂದಲು ಹಿಡಿಯಲು ಹಗ್ಗ. ತಿರುಗಿಬಿದ್ದು ಹೋರಾಡುವಾಗಲೂ ಮರಿ ಅಲ್ಲೇ ಕಚ್ಚಿಕೊಂಡಿರುತ್ತದೆ. ಆರೆಂಟು ತಿಂಗಳವರೆಗೆ ಹೀಗೇ ಸವಾರಿ. ಎರಡು ಮರಿ ಇದ್ದರೆ ಮುಂದಿನ ಸೀಟಿಗೆ ಜಗಳ ಆಡುತ್ತವೆ. ನಿಮ್ಮ ಮಗಳಿಗೆ ಹೇಳಿ, ಬೈನಾಕ್ಯುಲರ್ ಅನ್ನು ತಾಯಿಯ ಭುಜಕ್ಕೆ ಹಿಡಿದು ಕಾಯಲಿ. ಮೊದಲು ಕಾಣುವುದು ಕಿವಿ.